ಚಿಕಿತ್ಸೆಯ ವೆಚ್ಚವೂ ಶಾಸನದ ಮಿತಿಯೂ

ವೈದ್ಯಕೀಯ ವೆಚ್ಚವನ್ನು ಕಾಯಿದೆಯಿಂದ ತಗ್ಗಿಸಬಹುದೇ ಎಂಬ ಚರ್ಚೆಗೆ, ಹೃದಯದ ರಕ್ತನಾಳವು ಮತ್ತೆ ಮುಚ್ಚದಂತೆ ತಡೆಯುವ ಸ್ಟೆಂಟ್ ಎಂಬ ಪುಟ್ಟ ಲೋಹದ ಜಾಲರಿಯ ವೃತ್ತಾಂತವು ಉತ್ತಮ ನಿದರ್ಶನವಾಗಿದೆ. ತಯಾರಕನಿಂದ ವಿತರಕನಿಗೆ, ವಿತರಕನಿಂದ ಆಸ್ಪತ್ರೆಗೆ ಕೈ ಬದಲಾಗುವಷ್ಟರಲ್ಲಿ ಬೆಲೆಯು ಹಲವು ಪಟ್ಟು ಏರಿ, ಅನೇಕ ವೇಳೆ ಲಕ್ಷ ರೂಪಾಯಿಯನ್ನೂ ಮೀರುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು 2017ರ ಫೆಬ್ರವರಿಯಲ್ಲಿ 29,600 ರೂಪಾಯಿಗಳ ಮಿತಿಯನ್ನು ವಿಧಿಸಿತು. ಸಾಲ ಮಾಡಿ ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಇದು ಅಲ್ಪೋಪಕಾರವೇನೂ ಅಲ್ಲ. ಆದರೆ ಕೊಠಡಿಯ ಬಾಡಿಗೆ, ಪರೀಕ್ಷೆ, ವೈದ್ಯರ ಶುಲ್ಕಗಳು ಆ ಆಜ್ಞೆಯ ಹೊರಗುಳಿದುದರಿಂದ, ಒಂದು ಬಾಬಿನಲ್ಲಿ ಇಳಿದ ಹಣವು ಇನ್ನೊಂದರಲ್ಲಿ ಏರಲು ಅವಕಾಶವಿದ್ದೇ ಇತ್ತು. ಕರ್ನಾಟಕದ ಸಹಕಾರಿ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಆರೋಗ್ಯ ರಕ್ಷಣಾ ಯೋಜನೆಯಲ್ಲಿದ್ದಂತೆ, ಇಡೀ ಶಸ್ತ್ರಚಿಕಿತ್ಸೆಗೆ ಮುಂಗಡವಾಗಿಯೇ ದರವನ್ನು ಗೊತ್ತುಪಡಿಸುವ ಕ್ರಮವು ಇದಕ್ಕಿಂತ ಫಲಕಾರಿಯೆಂದು ನನ್ನ ದೃಢವಾದ ಅಭಿಪ್ರಾಯ. ಆ ರಕ್ಷಣೆಗಾಗಿ ರೈತನು ಆಗ ತೆತ್ತದ್ದು ವರ್ಷಕ್ಕೆ 60 ರೂಪಾಯಿ.