ಹಳೇ ಗಾಡಿಗೆ ಗಾಳಿ ಎಷ್ಟಿರಲಿ?

ಚಿತ್ತವಾಡ್ಗಿಯ ಪಂಕ್ಚರ್ ಅಂಗಡಿಯಲ್ಲಿ "ಎಷ್ಟು ಹಾಕ್ಲಿ ಅಣ್ಣಾ?" ಅಂತ ಕೇಳಿದರೆ ನಮ್ಮ ರೈತರ ಉತ್ತರ ಒಂದೇ: "ಗಟ್ಟಿ ಆಗೋ ಹಂಗೆ ಹಾಕಪ್ಪ." ಬುಲೆಟ್ಟಿಗೂ ಅದೇ, ಸ್ಪ್ಲೆಂಡರಿಗೂ ಅದೇ.

ಹಳೇ 350 ಬುಲೆಟ್ಟಿನದು 3.25-19ರ ದಪ್ಪ ಟೈರು. ಮುಂದೆ 18-20 ಪೌಂಡು, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 30-32 ಸಾಕು. ಸ್ಪ್ಲೆಂಡರಿನ 2.75-18 ಸಣ್ಣ ಟೈರಿಗೆ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಾದರೆ 41! ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಟೈರಿನ ಹೊಟ್ಟೆ ಸಣ್ಣದಾದಷ್ಟೂ ಅಷ್ಟೇ ಭಾರಕ್ಕೆ ಒತ್ತಡ ಜಾಸ್ತಿ ಬೇಕು. ಡಿಎಪಿ ಚೀಲ 50 ಕೆಜಿ, ಅಂದರೆ ಹೆಚ್ಚುಕಮ್ಮಿ ಹಿಂದೊಬ್ಬರು ಕೂತಂತೆಯೇ ಲೆಕ್ಕ.

ಯೆಜ್ಡಿ ಇಟ್ಟುಕೊಂಡವರ ಪಾಡು ಬೇರೆ. 1961ರಲ್ಲಿ ಜಾವಾ ಹೊರತಂದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಂಪನಿಯ ಪುಸ್ತಕ ಯಾರ ಮನೆಯಲ್ಲೂ ಉಳಿದಿಲ್ಲ. ಅಂಥವರಿಗೊಂದು ಉಪಾಯ ಇದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ, ತಣ್ಣಗಿರುವಾಗ ಗಾಳಿ ಅಳೆಯಿರಿ. ಹಿಂದೆ 28 ಇದ್ದರೆ, ದಿನಾ ಹೇರುವ ಭಾರ ಹೇರಿ ಅರ್ಧ ತಾಸು ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯಿರಿ. 31ರ ಆಸುಪಾಸಿಗೆ ಬಂದರೆ ಸರಿ. 33-34 ಆಯಿತೆಂದರೆ ಟೈರು ಮಡಚಿ ಮಡಚಿ ಕಾದಿದೆ, ಗಾಳಿ ಸಾಲದು. ಏರಿದ್ದೇ ಇಲ್ಲವೆಂದರೆ ಗಾಳಿ ಹೆಚ್ಚಾಗಿದೆ. ಕಾದಾಗ ಏರಿದ್ದನ್ನು ಮಾತ್ರ ಇಳಿಸಬೇಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅನೇಕರು ಇದನ್ನೇ ಮಾಡುತ್ತಾರೆ. ಹತ್ತು ಡಿಗ್ರಿ ಬಿಸಿಗೆ ಒಂದೂವರೆ ಪೌಂಡು ತಾನಾಗಿ ಏರುತ್ತದೆ, ತಣಿದರೆ ಇಳಿಯುತ್ತದೆ.

ಬಸವಣ್ಣ ಕಾಲುವೆ ಏರಿಯ ಕೆಸರಲ್ಲಿ ಹಿಡಿತ ಸಿಗಲೆಂದು ಗಾಳಿ ಬಿಡುವುದುಂಟು. ಮೂರು-ನಾಲ್ಕು ಪೌಂಡಿಗಿಂತ ಹೆಚ್ಚು ಬಿಡಬಾರದೆಂಬುದು ನನ್ನ ಮತ. ಟಾರು ರಸ್ತೆ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಗಾಳಿ ಕಮ್ಮಿಯಿದ್ದರೆ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವು ನೆಟ್ಟಗಿಲ್ಲದೆ ವಾಲಿದ್ದರೆ ಅದೇ ಗುರುತು. ಹುಲ್ಲಿನ ಹೊರೆ ಹೇರಿಕೊಂಡು ಹೋಗುವಾಗ ಟ್ಯೂಬಿನ ಕುತ್ತಿಗೆ ಹರಿದರೆ ಒಂದೇ ಸಲಕ್ಕೆ ಗಾಳಿ ಖಾಲಿ. ಹಿಂದಿನಿಂದ ಅದಿರಿನ ಲಾರಿ ಬರುತ್ತಿದ್ದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ವಾರವಾರ ಎರಡು ಪೌಂಡು ಇಳಿಯುತ್ತಿದ್ದರೆ ಟ್ಯೂಬನ್ನು ಬೈಯುವ ಮೊದಲು ಟೈರಿನೊಳಗೆ ಜೋಪಾನವಾಗಿ ಕೈಯಾಡಿಸಿ. ಬಳ್ಳಾರಿ ಜಾಲಿ ಮುಳ್ಳಿನ ತುದಿ ಮುರಿದು ಕೂತಿರುತ್ತದೆ. ಅಂಗಡಿಯ ಮೀಟರುಗಳು ಒಂದೊಂದು ಒಂದೊಂದು ತೋರಿಸುತ್ತವೆ. ಸ್ವಂತದ್ದೊಂದು ಇಟ್ಟುಕೊಂಡು ಯಾವಾಗಲೂ ಅದರಲ್ಲೇ ನೋಡುವುದು ವಾಸಿ.

ಹಳೇ ಗಾಡಿ ಕೊಳ್ಳುವವರು ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2314 ಎಂದರೆ 2014ರ 23ನೇ ವಾರದ ಟೈರು. ಬಿರುಕು ಬಿಟ್ಟ ಅಂಥ ಟೈರಿಗೆ ಎಷ್ಟು ಪೌಂಡು ಎಂದು ಕೇಳುವುದೇ ಬೇಡ, ಬದಲಿಸಿ.