ಬೂಟಿನೊಳಗೆ ಇಲ್ಲದ ಕಲ್ಲು

ನಡೆಯುವಾಗ ಬೂಟಿನೊಳಗೆ ಸಣ್ಣ ಕಲ್ಲೊಂದು ಸೇರಿಕೊಂಡಂತೆ ಅನ್ನಿಸುತ್ತದೆ. ನಿಂತು, ಬಿಚ್ಚಿ, ಕೊಡವಿ ನೋಡುತ್ತೀರಿ. ಏನೂ ಇಲ್ಲ! ಪಾದವನ್ನು ಎರಡು ನಿಮಿಷ ತಿಕ್ಕಿಕೊಂಡರೆ ಹಾಯೆನಿಸುತ್ತದೆ. ಮತ್ತೆ ಬೂಟು ತೊಟ್ಟು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಂಗಾಲಿನ ಮುಂಭಾಗದಲ್ಲಿ ಉರಿ, ಬೆರಳಿನ ತುದಿಯವರೆಗೆ ಕರೆಂಟು ಹೊಡೆದಂತಹ ಚುಳುಕು, ಆಮೇಲೆ ಜೋಮು. ನಿಮಗಲ್ಲದಿದ್ದರೆ ನಿಮ್ಮ ಅಕ್ಕನಿಗೋ ಅತ್ತೆಗೋ ಈ ಅನುಭವ ಆಗಿರಬಹುದು, ಏಕೆಂದರೆ ಇದು ಹೆಂಗಸರಲ್ಲಿ ಹೆಚ್ಚು.

ಪಾದದಲ್ಲಿ ಬೆರಳಿಗೊಂದರಂತೆ ಐದು ಉದ್ದನೆಯ ಮೂಳೆಗಳಿವೆ. ಇವೇ ಮೆಟಟಾರ್ಸಲ್ ಮೂಳೆಗಳು. ತುದಿಗಾಲಿನಲ್ಲಿ ನಿಂತಾಗ ನಿಮ್ಮ ಭಾರ ಹೊರುವುದು ಇವುಗಳ ಗುಂಡಗಿನ ತಲೆಗಳು. ಈ ತಲೆಗಳನ್ನು ಒಂದಕ್ಕೊಂದು ಬಿಗಿದಿಡುವ ಪಟ್ಟಿಯಂತಹ ಅಸ್ಥಿರಜ್ಜುವಿನ ಕೆಳಗೇ ಬೆರಳುಗಳ ನರಗಳು ನುಸುಳಿ ಹೋಗಬೇಕು. ಚೂಪು ಮೂತಿಯ ಬೂಟು ಮೂಳೆಗಳನ್ನು ಪಕ್ಕದಿಂದ ಒತ್ತುತ್ತದೆ. ಎತ್ತರದ ಹಿಮ್ಮಡಿ ದೇಹದ ಭಾರವನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ನಡುವೆ ಸಿಕ್ಕಿಕೊಂಡ ನರ ದಿನದಿನವೂ ನಲುಗಿ, ಅದರ ಸುತ್ತಲಿನ ಹೊದಿಕೆ ನಾರುಗಟ್ಟಿ ದಪ್ಪವಾಗುತ್ತದೆ. ಸಾಮಾನ್ಯವಾಗಿ ಹೀಗಾಗುವುದು ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ.

ಇದಕ್ಕೆ ಮಾರ್ಟನ್ ನ್ಯೂರೋಮಾ ಎಂದು ಹೆಸರು. ಹೆಸರು ಕೇಳಿ ಗೆಡ್ಡೆಯೆಂದು ಹೆದರಬೇಡಿ. ಇದು ನಿಜವಾದ ಗೆಡ್ಡೆಯಲ್ಲ. ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ 1876ರಲ್ಲಿ ಇದನ್ನು ವಿವರಿಸಿದರು. ಇಂಗ್ಲೆಂಡಿನ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ 1845ರಲ್ಲೇ ಇಂಥ ನೋವಿನ ಬಗ್ಗೆ ಬರೆದಿದ್ದರೂ ಹೆಸರು ಉಳಿದದ್ದು ಮಾರ್ಟನ್ನರದು.

ಮೊದಲ ಚಿಕಿತ್ಸೆ ಬೂಟಿನದೇ. ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಅದರ ಮೇಲೆ ನಿಮ್ಮ ಬೂಟನ್ನಿಡಿ. ಬೂಟು ಗೆರೆಗಿಂತ ಕಿರಿದಾಗಿದ್ದರೆ ಹೆಚ್ಚಿನ ವಿವರಣೆ ಬೇಕಿಲ್ಲ.

ಎರಡನೆಯದು ಮೆತ್ತೆ. ಪಾದಕ್ಕೆ ಆಸರೆಯಾಗಿ ಬೂಟಿನೊಳಗೆ ಇಡುವ ಇಂಥ ಸಾಧನಗಳನ್ನು ವೈದ್ಯರು ಆರ್ಥೋಟಿಕ್ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಹನಿಯಾಕಾರದ, ನಡುವೆ ಉಬ್ಬಿದ ಸಣ್ಣ ಮೆತ್ತೆ. ಬಹಳ ಜನ ಎಡವುವುದು ಇಲ್ಲಿಯೇ. ನೋವಿರುವ ಜಾಗದ ಅಡಿಗೇ ಮೆತ್ತೆ ಇಡಬೇಕೆಂದು ನಮ್ಮ ಬುದ್ಧಿ ಹೇಳುತ್ತದೆ. ಹಾಗೆ ಇಟ್ಟರೆ ಒತ್ತಡ ಇನ್ನೂ ಹೆಚ್ಚುತ್ತದೆ, ನೋವೂ ಹೆಚ್ಚುತ್ತದೆ. 'ಇದರಿಂದ ಪ್ರಯೋಜನವಿಲ್ಲ' ಎಂದು ಎಸೆದುಬಿಡುತ್ತಾರೆ. ಮೆತ್ತೆ ಇರಬೇಕಾದದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿ ಅದು ಮೂಳೆಗಳ ಕಾಂಡವನ್ನು ಮೇಲಕ್ಕೆತ್ತಿ ತಲೆಗಳ ಮೇಲಿನ ಭಾರ ಇಳಿಸುತ್ತದೆ, ಅವುಗಳ ನಡುವೆ ನರಕ್ಕೆ ತುಸು ಎಡೆ ಮಾಡಿಕೊಡುತ್ತದೆ.

ಜಾಗ ಗುರುತಿಸುವುದು ಹೇಗೆ? ನೋಯುವ ಬಿಂದುವಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಬೂಟಿನ ಒಳಅಟ್ಟೆಯ ಮೇಲೆ ನಿಂತು ನೋಡಿ. ಗುರುತು ಬಿದ್ದ ಕಡೆಯಿಂದ ಹಿಂದಕ್ಕೆ, ಮೆತ್ತೆಯ ಮುಂಚು ಗುರುತನ್ನು ಮುಟ್ಟದಂತೆ ಅಂಟಿಸಬೇಕು. ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಸಾಕು. ಹೊಸದರಲ್ಲಿ ಅದೇ ಒಂದು ಕಲ್ಲಿನಂತೆ ಭಾಸವಾಗುತ್ತದೆ! ಕೆಲವು ವಾರ ಕಾದು ನೋಡಿ. ಹಿತವಾಗದಿದ್ದರೆ ಎರಡು ಮಿಲಿಮೀಟರ್ ಆಚೀಚೆ ಸರಿಸಿ ನೋಡುವುದೂ ಉಂಟು. ದಪ್ಪವಾದ ನರವನ್ನು ಮೆತ್ತೆ ತೆಳ್ಳಗೆ ಮಾಡುವುದಿಲ್ಲ, ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಆದರೆ ಖರ್ಚು ಕಡಿಮೆ, ಬೇಡವೆನಿಸಿದರೆ ತೆಗೆದುಬಿಡಬಹುದು.

ಒಂದು ಎಚ್ಚರಿಕೆ. ಉರಿ ಎರಡೂ ಪಾದಗಳಲ್ಲಿದ್ದು, ಬೂಟು ಬಿಚ್ಚಿದ ಮೇಲೂ ರಾತ್ರಿಯೆಲ್ಲ ಕಾಡಿದರೆ ಅದು ಬೇರೆ ಕಾಯಿಲೆ ಇರಬಹುದು. ಸಕ್ಕರೆ ಕಾಯಿಲೆಯಲ್ಲಿ ಹೀಗಾಗುವುದು ಸಾಮಾನ್ಯ; ರಕ್ತ ಪರೀಕ್ಷೆ ಆಗಲೇಬೇಕು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಅಜ್ಜಿಯೋ ತಂದೆಯೋ ತಾವಾಗಿ ಮೆತ್ತೆ ಅಂಟಿಸಿಕೊಳ್ಳಲು ಬಿಡಬೇಡಿ. ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ.

ಮೆತ್ತೆಗೂ ಅಗಲ ಬೂಟಿಗೂ ನೋವು ಬಗ್ಗದಿದ್ದರೆ ಮೂಳೆವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದನ್ನೋ, ಕೊನೆಗೆ ಶಸ್ತ್ರಚಿಕಿತ್ಸೆಯನ್ನೋ ಸೂಚಿಸುತ್ತಾರೆ. ನರವನ್ನೇ ಕತ್ತರಿಸಿ ತೆಗೆದರೆ ಆ ಎರಡು ಬೆರಳುಗಳ ನಡುವಿನ ಭಾಗ ಸಾಮಾನ್ಯವಾಗಿ ಮರಗಟ್ಟಿಯೇ ಉಳಿಯುತ್ತದೆ.