ಕಣ್ಣಿಗೆ ನಾಲ್ಕು, ಕಿವಿಗೆ ಮೂರು

ಸಿ, ಎಲ್, ಇ, ಆರ್, ಇ, ಎಸ್, ಟಿ, ಓ, ಆರ್, ವೈ. ಹತ್ತು ಅಕ್ಷರಗಳ ಈ ಇಂಗ್ಲಿಷ್ ಪದವನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ‘ಕ್ಲೆ-ರೆ-ಸ್ಟೊ-ರಿ’ ಎಂದು ನಾಲ್ಕಾಗಿ ಬಿಡಿಸುವುದು ಸಹಜ. ನಿಘಂಟುಗಳು ಹೇಳುವುದು ‘ಕ್ಲಿಯರ್-ಸ್ಟೋ-ರಿ’ ಎಂದು. ಉಚ್ಚಾರಾಂಶಗಳು ಮೂರೇ, ಪ್ರಧಾನ ಒತ್ತು ಮೊದಲನೆಯದರ ಮೇಲೆ.

ಇದು ವಾಸ್ತುಶಿಲ್ಪದ ಪದ. ನಡುವಿನ ಅಂಕಣದ ಗೋಡೆ ಇಕ್ಕೆಲದ ಮಾಡುಗಳಿಗಿಂತ ಎತ್ತರಕ್ಕೆ ಏರಿ, ಅಲ್ಲಿ ಸಾಲುಗಿಂಡಿಗಳಿಂದ ಬೆಳಕು ಒಳಗಿಳಿಯುವಂತೆ ಕಟ್ಟಿದ ಭಾಗಕ್ಕೆ ಈ ಹೆಸರು. ಯುರೋಪಿನ ದೊಡ್ಡ ಇಗರ್ಜಿಗಳಲ್ಲಿ ಇದು ಸಾಮಾನ್ಯ. ಅವಕ್ಕೂ ಬಹಳ ಹಿಂದೆ, ಈಜಿಪ್ಟಿನ ಕಾರ್ನಾಕ್ ದೇಗುಲದ 134 ಕಂಬಗಳ ಮಹಾಮಂಟಪಕ್ಕೂ ಬೆಳಕು ಬಂದದ್ದು ಈ ಉಪಾಯದಿಂದಲೇ.

ಪದ ಇಂಗ್ಲಿಷಿಗೆ ಬಂದದ್ದು 15ನೆಯ ಶತಮಾನದಲ್ಲಿ. ‘ಕ್ಲಿಯರ್’ ಎಂಬುದರ ಹಳೆಯ ಕಾಗುಣಿತವೇ ಅದರ ಪೂರ್ವಪದ; ಉತ್ತರಪದಕ್ಕೆ ಅಂತಸ್ತು ಎಂದರ್ಥ. ಬೆಳಕಿನ ಅಂತಸ್ತು ಎಂಬ ಈ ಸಮಾಸವನ್ನು ಸಂಧಿಸ್ಥಾನದಲ್ಲಿಯೇ ಒಡೆಯಬೇಕು. ಪೂರ್ವಪದದ ಕೊನೆಯ ‘ಇ’ ಬರಹದಲ್ಲಿ ಉಳಿದಿದೆ, ನಾಲಗೆಯಲ್ಲಿಲ್ಲ. ‘ಬ್ಲ್ಯಾಕ್‌ಬೋರ್ಡ್’ನಂತಹ ಸಮಾಸಗಳಲ್ಲಿ ಒತ್ತು ಪೂರ್ವಪದಕ್ಕೆ ಬೀಳುವ ಇಂಗ್ಲಿಷಿನ ರೂಢಿ ಇಲ್ಲಿಯೂ ನಡೆದಿದೆ.

ಕನ್ನಡಿಗನ ಓದಿಗೂ ಒಂದು ಶಾಸ್ತ್ರವಿದೆ. ನಮ್ಮ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು. ಆ ಲೆಕ್ಕದಲ್ಲಿ ‘ಕ್ಲೆ’ ಲಘು, ‘ಸ್ಟೊ’ ಹಿಂದಿರುವ ‘ರೆ’ ಗುರು. ಇಂಗ್ಲಿಷಿನ ಕಿವಿಗೆ ಇಲ್ಲವೇ ಇಲ್ಲದ ಅಕ್ಷರದ ಮೇಲೆಯೇ ನಮ್ಮ ಭಾರ ಬೀಳುತ್ತದೆ! ‘ಕಡು’ ಮತ್ತು ‘ಕಾಡು’ಗಳನ್ನು ಬೇರ್ಪಡಿಸುವುದು ಸ್ವರದ ಮಾತ್ರೆ; ಇಂಗ್ಲಿಷಿನಲ್ಲಿ ಒತ್ತಿನ ಸ್ಥಾನವೂ ಆ ಕೆಲಸ ಮಾಡೀತು. ನ್ಯಾಯಾಲಯದ ‘ರೆಕಾರ್ಡ್’ ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ಬರಹದಲ್ಲಿ ಇದರ ಗುರುತೇ ಇಲ್ಲ.

ಆದುದರಿಂದ ನಾಲ್ಕಾಗಿ ಓದಿದವನು ದಡ್ಡನಲ್ಲ. ಬರೆದಂತೆ ಓದುವ ಭಾಷೆಯೊಂದರ ನಿಯಮವನ್ನು ಹಾಗಲ್ಲದ ಭಾಷೆಗೆ ಅವನು ನಿಷ್ಠೆಯಿಂದ ಅನ್ವಯಿಸಿದ್ದಾನೆ, ಅಷ್ಟೆ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ನುಡಿಯೊಡನೆ ಬೆಳೆಯುವ ಗಡಿನಾಡಿನ ಮಕ್ಕಳು ಇಂತಹ ಪದಗಳನ್ನು ಕಿವಿಗಿಂತ ಮೊದಲು ಪುಸ್ತಕದಲ್ಲಿಯೇ ಕಾಣುತ್ತಾರೆ. ಒಂದು ನಗು ಸಾಕು, ಆ ಮಗು ತರಗತಿಯಲ್ಲಿ ಮತ್ತೆ ಬಾಯಿ ತೆರೆಯದಿರಲು. ತಿದ್ದುವವರು ಸರಿಯಾದ ಉಚ್ಚಾರದ ಜೊತೆಗೆ ಅದರ ಕಾರಣವನ್ನೂ ಹೇಳಿಕೊಟ್ಟರೆ, ಮಗು ಒಂದು ಪದವನ್ನಷ್ಟೇ ಅಲ್ಲ, ಎರಡು ಭಾಷೆಗಳ ನಡೆಯನ್ನೂ ಕಲಿತೀತು.